ಗಾಳಿ ಹೊತ್ತ ಹೊರೆ, ಸ್ಪ್ರಿಂಗ್ ಹೊತ್ತ ಹೊರೆ

1958ರವರೆಗೆ ಹಾರ್ಲೆ ಡೇವಿಡ್‌ಸನ್ನಿನ ದೊಡ್ಡ ಬೈಕುಗಳ ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರಲಿಲ್ಲ. ಚಕ್ರ ನೇರವಾಗಿ ಚಾಸಿಗೇ ಬಿಗಿದಿರುತ್ತಿತ್ತು; ಸವಾರನ ಬೆನ್ನು ಕಾಯಲು ಸೀಟಿನ ಅಡಿಯ ಸ್ಪ್ರಿಂಗ್ ಒಂದೇ ಗತಿ. ಆ ವರ್ಷ ಬಂದ ಡ್ಯುಯೋ ಗ್ಲೈಡ್, ಚಕ್ರದ ಎರಡೂ ಬದಿಗೆ ಸುರುಳಿ ಸ್ಪ್ರಿಂಗಿನ ಶಾಕ್ ಅಬ್ಸಾರ್ಬರ್ ತಂದಿತು. ಅಮೆರಿಕದ ಹೆದ್ದಾರಿಯಲ್ಲಿ ದಿನವಿಡೀ ಓಡುವವರಿಗೆ ಅದು ದೊಡ್ಡ ಉಪಕಾರ. ಆದರೂ ಒಂದು ತೊಡಕು ಉಳಿಯಿತು. ಇವತ್ತು ಒಬ್ಬನೇ ಹೊರಟ ಸವಾರ ನಾಳೆ ಹೆಂಡತಿಯನ್ನು ಕೂರಿಸಿಕೊಂಡು, ಪಕ್ಕದ ಪೆಟ್ಟಿಗೆಗಳನ್ನು ತುಂಬಿಕೊಂಡು, ಮೇಲೊಂದು ಟೆಂಟ್ ಕಟ್ಟಿಕೊಂಡು ಹೊರಡುತ್ತಾನೆ. ಒಬ್ಬನಿಗೆ ಹದವಾದ ಸ್ಪ್ರಿಂಗ್ ಇಬ್ಬರು ಕೂತರೆ ಕುಸಿಯುತ್ತದೆ. ಇಬ್ಬರಿಗೆ ಹದವಾದದ್ದು ಒಬ್ಬನನ್ನು ಎತ್ತಿ ಕುಕ್ಕುತ್ತದೆ.

ದೂರ ಪ್ರಯಾಣದ ಟೂರಿಂಗ್ ಬೈಕಿನ ಶಾಕ್ ಅಬ್ಸಾರ್ಬರಿಗೆ ಗಾಳಿ ಬಂದದ್ದು ಈ ಹೊರೆಯ ಏರಿಳಿತಕ್ಕೆ ಉತ್ತರವಾಗಿ. ಮೆತ್ತನೆಯ ಸವಾರಿ ಅದರ ಜೊತೆಗೆ ಸಿಕ್ಕ ಲಾಭ.

ಗಾಳಿಯ ಮೇಲೆ ಬೈಕ್ ಓಡಿಸುವ ಯೋಚನೆ ಮಾತ್ರ ಇದಕ್ಕಿಂತ ಬಹಳ ಹಳೆಯದು. 20ನೆಯ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಏರ್ ಸ್ಪ್ರಿಂಗ್ಸ್ ಲಿಮಿಟೆಡ್ ಎಂಬ ಕಂಪನಿ, ಆರ್ಚಿಬಾಲ್ಡ್ ಶಾರ್ಪ್ ರೂಪಿಸಿದ ಗಾಳಿ ಸ್ಪ್ರಿಂಗುಗಳನ್ನು ಹಾಕಿ ಬೈಕುಗಳನ್ನು ಮಾರುತ್ತಿತ್ತು. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ವೆಲೋಸೆಟ್ ಕಂಪನಿಯ ಕೆಟಿಟಿ ಮಾರ್ಕ್ 8 ರೇಸ್ ಬೈಕಿಗೆ, ವಿಮಾನದ ಇಳಿಗಾಲಿಗಳನ್ನು ಮಾಡುತ್ತಿದ್ದ ಡೌಟಿ ಕಂಪನಿಯ ಎಣ್ಣೆ-ಗಾಳಿಯ ಶಾಕ್ ಅಬ್ಸಾರ್ಬರ್ ಬಂತು. ನೆಲಕ್ಕೆ ಅಪ್ಪಳಿಸುವ ವಿಮಾನದ ಭಾರ ತಡೆಯುವ ವಿದ್ಯೆ ಬೈಕಿಗೆ ಇಳಿದದ್ದು ಹೀಗೆ.

ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿ ಒತ್ತಿದವರಿಗೆ ಈ ವಿದ್ಯೆಯ ಗುಟ್ಟು ಗೊತ್ತು. ಮೊದಮೊದಲು ಸಲೀಸಾಗಿ ಹೋಗುವ ಹಿಡಿ ಕೊನೆಗೆ ಕಲ್ಲಿನಂತೆ ನಿಲ್ಲುತ್ತದೆ. ಸಾಮಾನ್ಯ ಸುರುಳಿ ಸ್ಪ್ರಿಂಗಿನ ಪ್ರತಿರೋಧ ಒತ್ತಿದಷ್ಟೇ ಲೆಕ್ಕದಲ್ಲಿ ಏರುತ್ತದೆ. ಮುಚ್ಚಿದ ಗಾಳಿ ಅರ್ಧ ಜಾಗಕ್ಕೆ ಕುಗ್ಗಿದರೆ ಅದರ ಒತ್ತಡವೇ ಇಮ್ಮಡಿ. ಹಾಗಾಗಿ ಸಣ್ಣ ಕುಳಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿ. ಅದಕ್ಕಿಂತ ಮುಖ್ಯವಾಗಿ, ಸ್ಪ್ಯಾನರ್ ಹಿಡಿದು ಬಗ್ಗುವ ಕೆಲಸವಿಲ್ಲ. ವಾಲ್ವಿಗೆ ಗಾಳಿ ಹಾಕಿದರೆ ಕುಸಿದ ಬೈಕ್ ಮೇಲೇಳುತ್ತದೆ.

ಈ ಕಥೆ ನಿಚ್ಚಳವಾಗಿ ಕಾಣುವುದು ಹೋಂಡಾ ಗೋಲ್ಡ್ ವಿಂಗ್‌ನಲ್ಲಿ. 1975ರ ಜಿಎಲ್1000 ಬರಿಮೈಯಲ್ಲಿ ಬಂದಿತ್ತು: ಗಾಳಿ ತಡೆಯುವ ಫೇರಿಂಗ್ ಇಲ್ಲ, ಪೆಟ್ಟಿಗೆಗಳಿಲ್ಲ, ಹಿಂದೆ ಸುರುಳಿ ಸ್ಪ್ರಿಂಗ್. ಅಮೆರಿಕದ ಸವಾರರು ಕ್ರೇಗ್ ವೆಟ್ಟರ್ ರೂಪಿಸಿದ ವಿಂಡ್‌ಜ್ಯಾಮರ್ ಫೇರಿಂಗನ್ನೂ ಪೆಟ್ಟಿಗೆಗಳನ್ನೂ ತಾವೇ ಕೊಂಡು ಹಾಕಿಸಿದರು. ಕಂಪನಿ ಇದನ್ನು ಗಮನಿಸಿತು. 1980ರ ಜಿಎಲ್1100ಕ್ಕೆ ಹಿಂದೆ ಮುಂದೆ ಎರಡೂ ಕಡೆ ಗಾಳಿ ಬಂತು. ಅದೇ ವರ್ಷ ಕಾರ್ಖಾನೆಯಲ್ಲೇ ಫೇರಿಂಗ್, ಪೆಟ್ಟಿಗೆ ಕೂರಿಸಿದ ಇಂಟರ್‌ಸ್ಟೇಟ್ ಮಾದರಿಯೂ ಬಂತು. ಪೆಟ್ಟಿಗೆ ಮತ್ತು ಗಾಳಿ ಒಟ್ಟಿಗೇ ಬಂದದ್ದು ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ. ಮುಂದೆ 1988ರಲ್ಲಿ ಆರು ಸಿಲಿಂಡರಿನ, 350 ಕಿಲೋ ದಾಟಿದ ಜಿಎಲ್1500 ಬಂದಾಗ ಕಂಪ್ರೆಸರ್ ಬೈಕಿನ ಒಳಗೇ ಇತ್ತು. ಗುಂಡಿ ಒತ್ತಿದರೆ ಸಾಕು, ಹಿಂಬದಿ ಏರುತ್ತಿತ್ತು. ಇಷ್ಟಾದರೂ ಸುರುಳಿ ಮರೆಯಾಗಿರಲಿಲ್ಲ. ಈ ಬೈಕಿನ ಎಡಬದಿಯ ಶಾಕ್ ಅಬ್ಸಾರ್ಬರಿಗೆ ಬರೀ ಸ್ಪ್ರಿಂಗ್, ಬಲಬದಿಯದಕ್ಕೆ ಮಾತ್ರ ಗಾಳಿಯ ನೆರವು.

ಹಾರ್ಲೆಯ ಟೂರಿಂಗ್ ಬೈಕುಗಳೂ ಗಾಳಿಗೆ ಬದಲಾದವು, ಆದರೆ ಅಲ್ಲಿ ಕೈಪಂಪಿನ ಕೆಲಸ. ಆ ಶಾಕ್ ಅಬ್ಸಾರ್ಬರಿನೊಳಗೆ ಗಾಳಿಗಿರುವ ಜಾಗ ಬಹಳ ಕಡಿಮೆ. ಪೆಟ್ರೋಲ್ ಬಂಕಿನ ಗಾಳಿ ಕೊಳವೆ ಹಿಡಿದರೆ ಕ್ಷಣದಲ್ಲಿ ಒತ್ತಡ ಮಿತಿಮೀರಿ ಸೀಲ್ ಹರಿಯುವ ಅಪಾಯವಿತ್ತು. ಗಾಳಿಯ ದೊಡ್ಡ ದೌರ್ಬಲ್ಯವೂ ಈ ಸೀಲೇ. ಸವೆದರೆ ಗಾಳಿ ಸೋರುತ್ತದೆ; ಸೋರದಂತೆ ಬಿಗಿ ಮಾಡಿದರೆ ತಿಕ್ಕಾಟ ಹೆಚ್ಚಿ ಸಣ್ಣ ಕುಳಿಗಳು ಮೈಗೆ ತಟ್ಟುತ್ತವೆ.

ನಮ್ಮ ಗ್ಯಾರೇಜುಗಳಲ್ಲಿ ಬುಲೆಟ್‌ಗೆ ಹಾಕಿಸುವ ‘ಗ್ಯಾಸ್ ಶಾಕ್’ ಬೇರೆಯೇ ಬಗೆ. ಅದರಲ್ಲಿ ಭಾರ ಹೊರುವುದು ಹೊರಗಿನ ಸುರುಳಿ. ಒಳಗಿನ ನೈಟ್ರೋಜನ್ ಇರುವುದು ಎಣ್ಣೆ ನೊರೆಗಟ್ಟದಿರಲಿ ಎಂದು.

ಸುರುಳಿ ಮರಳಿ ಗೆದ್ದದ್ದು ಬೇರೊಂದು ಉಪಾಯದಿಂದ. 2001ರ ಜಿಎಲ್1800ರಲ್ಲಿ ಹೋಂಡಾ ಗಾಳಿ ಬಿಟ್ಟಿತು. ಒಂದೇ ಸ್ಪ್ರಿಂಗ್, ಅದರ ಬಿಗಿತ ಬದಲಿಸಲು ವಿದ್ಯುತ್ ಮೋಟಾರು, ಎರಡು ಅಳತೆಗಳನ್ನು ನೆನಪಿಡುವ ಸೌಲಭ್ಯ. 2004ರಲ್ಲಿ ಬಿಎಂಡಬ್ಲ್ಯು ತನ್ನ ಕೆ1200ಎಸ್‌ಗೆ ಹ್ಯಾಂಡಲಿನ ಗುಂಡಿಯಿಂದಲೇ ಸಸ್ಪೆನ್ಷನ್ ಹೊಂದಿಸುವ ವ್ಯವಸ್ಥೆ ತಂದಿತು. ಹಾರ್ಲೆ ಕೂಡ 2017ರ ಟೂರಿಂಗ್ ಮಾದರಿಗಳಲ್ಲಿ ಗಾಳಿ ಕೈಬಿಟ್ಟು, ಕೈಯಲ್ಲಿ ತಿರುಗಿಸುವ ಗುಬುಟಿಯ ಸ್ಪ್ರಿಂಗಿಗೆ ಮರಳಿತು. ಗಾಳಿಗೆ ಮಾತ್ರ ಇದ್ದ ಅನುಕೂಲ ಸುರುಳಿಗೂ ದಕ್ಕಿದ ಮೇಲೆ, ಸೋರುವ ಸೀಲಿನ ಕಾಟ ಯಾರಿಗೆ ಬೇಕು? ಆದರೂ ಇಂಡಿಯನ್ ಎಂಬ ಹೆಸರಿನ ಅಮೆರಿಕದ ಬೈಕ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ ಚೀಫ್ಟನ್‌ಗೆ ಗಾಳಿಯನ್ನೇ ಆರಿಸಿಕೊಂಡಿತು.

ಹೊಸದಾಗಿ ಕೊಳ್ಳುವವರಿಗೆ, ಹೊರಗಿನಿಂದ ಹೊಂದಿಸಬಹುದಾದ ಸುರುಳಿಯೇ ಮೇಲು. ಹಳೆಯ ಗಾಳಿ ಬೈಕ್ ಇರುವವರು ಅದನ್ನು ಕಿತ್ತೆಸೆಯಬೇಕಾಗಿಲ್ಲ. ಹೊರೆ ಏರಿಸುವ ಮುನ್ನ ಒತ್ತಡ ನೋಡಿ, ಕೈಪಂಪಿನಲ್ಲೇ ತುಂಬಿ, ಎಣ್ಣೆ ಜಿನುಗಿದರೆ ಸೀಲ್ ಬದಲಿಸಿ.