ರಣಧೀರ ಕಂಠೀರವ (ಚಲನಚಿತ್ರ)

ರಣಧೀರ ಕಂಠೀರವ: 1960ರಲ್ಲಿ ತೆರೆಕಂಡ, ಎನ್.ಸಿ. ರಾಜನ್ ನಿರ್ದೇಶನದ ಕಪ್ಪು-ಬಿಳುಪು ಕನ್ನಡ ಚಿತ್ರ. ಕನ್ನಡದ ಮೊದಲ ಐತಿಹಾಸಿಕ ಚಿತ್ರವೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ರಾಜಕುಮಾರ್ ಶೀರ್ಷಿಕೆ ಪಾತ್ರದಲ್ಲಿದ್ದು, ಲೀಲಾವತಿ, ಉದಯಕುಮಾರ್ ಮುಂತಾದವರು ಅಭಿನಯಿಸಿದ್ದಾರೆ. ಸಾಹಿತ್ಯ ಜಿ.ವಿ. ಅಯ್ಯರ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು.

ಕಥೆ: 1638ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದು 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರೇ ಕಥಾನಾಯಕ. ಅವರಿಗಿಂತ ಹಿಂದಿನ ಅರಸ ಇಮ್ಮಡಿ ರಾಜ ಒಡೆಯರಿಗೆ ದಳವಾಯಿ ವಿಕ್ರಮರಾಯ ವಿಷವಿಕ್ಕಿಸಿದನೆಂದು ಮೈಸೂರಿನ ಇತಿಹಾಸ ಹೇಳುತ್ತದೆ. ದಳವಾಯಿಯ ಈ ಒಳಸಂಚು, ಅದನ್ನು ಮುರಿಯುವ ಕಂಠೀರವನ ಸಾಹಸ ಮತ್ತು ಪ್ರಣಯ ಚಿತ್ರದಲ್ಲಿ ಹೆಣೆದುಕೊಂಡಿವೆ. ಐತಿಹ್ಯದ ಪ್ರಕಾರ, ತಿರುಚಿರಾಪಳ್ಳಿಯ ಗರ್ವಿಷ್ಠ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿ, ಬಂದವರೆಲ್ಲ ಅದರ ಕೆಳಗೆ ನುಸುಳುವಂತೆ ಮಾಡಿದ್ದ. ಮಾರುವೇಷದಲ್ಲಿ ಹೋದ ಕಂಠೀರವ ಅವನನ್ನು ಮಣಿಸಿ, ಬಹುಮಾನಕ್ಕೆ ಕಾಯದೆ ಹಿಂದಿರುಗಿದ.

ನಿರ್ಮಾಣ: ಕೆಲಸವಿಲ್ಲದೆ ಕಷ್ಟದಲ್ಲಿದ್ದ ಕಲಾವಿದರ ನೆರವಿಗೆ ರಾಜಕುಮಾರ್, ಜಿ.ವಿ. ಅಯ್ಯರ್, ನಟರಾದ ಬಾಲಕೃಷ್ಣ, ನರಸಿಂಹರಾಜು ಒಗ್ಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿ, ಊರೂರು ಸುತ್ತಿ ನಾಟಕವಾಡಿದರು. ಸಂಘದ ಹೆಸರಿನಲ್ಲೇ ಈ ಚಿತ್ರ ತಯಾರಾಯಿತು.

ತುಮಕೂರು ಜಿಲ್ಲೆಯ ನಂಟು: ನರಸಿಂಹರಾಜು ಅವರ ಹುಟ್ಟೂರು ತಿಪಟೂರು. ರಾಜಕುಮಾರ್, ಅಯ್ಯರ್ ಇಬ್ಬರೂ ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. 

ನಂತರದ ಐತಿಹಾಸಿಕ ಚಿತ್ರಗಳು: ರಾಜಕುಮಾರ್ ಮುಂದೆ ಇಮ್ಮಡಿ ಪುಲಿಕೇಶಿ (1967), ಶ್ರೀ ಕೃಷ್ಣದೇವರಾಯ (1970), ಮಯೂರ (1975) ಚಿತ್ರಗಳಲ್ಲಿಯೂ ಇತಿಹಾಸಪುರುಷರ ಪಾತ್ರ ವಹಿಸಿದರು.