ನಾಯಕನ ದೇವರು, ನಮ್ಮೂರ ರಸ್ತೆ

2025ರ ಮೇ ಮೊದಲ ವಾರ. ರಾತ್ರಿ ಒಂಬತ್ತರ ಚರ್ಚೆ ಮುಗಿಸಿ ಮೈಕ್ ಬಿಚ್ಚುತ್ತಿದ್ದೆ. ಹುಣಸೂರಿನಿಂದ ದೊಡ್ಡಪ್ಪನ ಫೋನ್. ಹೊಗೆಸೊಪ್ಪು ಬೆಳೆಯುವವರು, ನಾಟಿ ಕಾಲದಲ್ಲಿ ಬೇಗ ಮಲಗುವವರು.

“ಅಲ್ಲ ಕಣಪ್ಪ, ಒಂದು ಗಂಟೆಯಿಂದ ಬಾಂಬು ಬಾಂಬು ಅಂತ ಕೂಗಾಡ್ದಲ್ಲ, ರತ್ನಹಳ್ಳಿ ಇರೋದು ನಮ್ಮ ಮೈಸೂರು ರಸ್ತೆ ಕಡೇಲಿ ತಾನೆ? ಅದ್ಯಾಕೆ ಹೇಳ್ಲಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿಳಿಕೆರೆ ದಾಟಿ ಮೈಸೂರಿಗೆ ಹೋಗುವಾಗ ಇಲವಾಲ ಸಿಗುತ್ತೆ. ಅದರ ಸಮೀಪವೇ ರತ್ನಹಳ್ಳಿ. ಯುರೇನಿಯಂ ಅನಿಲವನ್ನು ಸೆಂಟ್ರಿಫ್ಯೂಜ್‌ಗಳಲ್ಲಿ ಗಿರಗಿರ ತಿರುಗಿಸಿ, ಬೇಕಾದ ಹಗುರ ಅಂಶವನ್ನು ಹೆಚ್ಚಿಸುವ ಬಾರ್ಕ್ ಘಟಕ ಅಲ್ಲಿದೆ. ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಬಸ್ಸಲ್ಲಿ ಅದರ ಹತ್ತಿರದಿಂದಲೇ ಓಡಾಡಿದ್ದೇನೆ. ಆದರೆ ಆ ರಾತ್ರಿ ಸ್ಟುಡಿಯೋದಲ್ಲಿ ನಾನು ಕೇಳಿದ್ದು ಬೇರೆಯದೇ ಪ್ರಶ್ನೆ. ಪಾಕ್ ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಕುರಾನ್ ಕಂಠಪಾಠ ಮಾಡಿದ ಹಾಫಿಜ್. ಏಪ್ರಿಲ್ 16ರಂದು ಎರಡು ರಾಷ್ಟ್ರಗಳ ಸಿದ್ಧಾಂತದ ಭಾಷಣ ಮಾಡಿದ್ದರು. ಆರು ದಿನಕ್ಕೆ ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆ. ‘ಇಂಥ ಧಾರ್ಮಿಕ ವ್ಯಕ್ತಿಯ ಕೈಯಲ್ಲಿ ಅಣುಬಾಂಬ್ ಇದ್ದರೆ ಗತಿಯೇನು?’ ಅಂತ ಕೇಳಿದ್ದೆ.

ಇತಿಹಾಸ ಏನು ಹೇಳುತ್ತೆ ನೋಡಿ.

ಪಾಕಿಸ್ತಾನದ ಬಾಂಬ್ ಯೋಜನೆ ಶುರು ಮಾಡಿದ್ದು ಜುಲ್ಫಿಕರ್ ಅಲಿ ಭುಟ್ಟೋ. ಮದ್ಯ ಕುಡಿಯುವುದನ್ನು ಬಹಿರಂಗ ಸಭೆಯಲ್ಲೇ ಒಪ್ಪಿಕೊಂಡ ಮನುಷ್ಯ. ಬಾಂಬಿಗೆ ಧರ್ಮದ ಬಣ್ಣ ಹಚ್ಚಿದವರೂ ಅವರೇ. ಕ್ರೈಸ್ತರು, ಯಹೂದಿಗಳು, ಹಿಂದೂಗಳಿಗೆಲ್ಲ ಈ ಶಕ್ತಿ ಇದೆ, ಇಸ್ಲಾಮಿಗೆ ಮಾತ್ರ ಇಲ್ಲ ಎಂಬ ಅರ್ಥದಲ್ಲಿ ಜೈಲಿನಿಂದ ಬರೆದರು. ಅವರನ್ನು ಗಲ್ಲಿಗೇರಿಸಿದ ಜಿಯಾ ಉಲ್ ಹಕ್ ನಿಜವಾದ ದೈವಭಕ್ತ. ಶತ್ರುವಿನ ಎದೆಯಲ್ಲಿ ಭಯ ಬಿತ್ತುವುದೇ ಯುದ್ಧದ ಗುರಿ ಎಂದ ಬ್ರಿಗೇಡಿಯರ್ ಮಲಿಕ್ ಅವರ ಪುಸ್ತಕಕ್ಕೆ 1979ರಲ್ಲಿ ಮುನ್ನುಡಿ ಬರೆದವರು. ಅದೇ ಜಿಯಾ 1987ರ ಫೆಬ್ರವರಿಯಲ್ಲಿ, ನಮ್ಮ ‘ಬ್ರಾಸ್‌ಟ್ಯಾಕ್ಸ್’ ಸಮರಾಭ್ಯಾಸದ ಬಿಸಿ ಪೂರ್ತಿ ಆರುವ ಮೊದಲೇ, ಜೈಪುರಕ್ಕೆ ಕ್ರಿಕೆಟ್ ನೋಡಲು ಬಂದರು!

ಅಮೆರಿಕದ ರೊನಾಲ್ಡ್ ರೇಗನ್ ಬೈಬಲ್ ಹೇಳುವ ಜಗತ್ತಿನ ಕೊನೆಯ ಯುದ್ಧದ ಬಗ್ಗೆ ಮಾತಾಡುತ್ತಿದ್ದರು. 1984ರ ಚುನಾವಣಾ ಚರ್ಚೆಯಲ್ಲಿ ಅದೇ ಪ್ರಶ್ನೆ ಅವರಿಗೆ ಎದುರಾಯಿತು. ಅದಕ್ಕೂ ಮೊದಲು, 1983ರ ಮಾರ್ಚ್‌ನಲ್ಲಿ, ಕ್ರೈಸ್ತ ಬೋಧಕರ ಸಭೆಯಲ್ಲಿ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯ ಎಂದಿದ್ದರು. ನವೆಂಬರ್‌ನಲ್ಲಿ ನೇಟೋ ಪಡೆಗಳ ಅಣು ಸಮರಾಭ್ಯಾಸ ನಡೆದಾಗ, ಇದು ನಿಜವಾದ ದಾಳಿಯೇ ಇರಬಹುದು ಅಂತ ಮಾಸ್ಕೋದಲ್ಲಿ ಕೆಲವರು ಹೆದರಿದರು. ಆದರೆ ಅದೇ ರೇಗನ್ 1986ರಲ್ಲಿ ರೇಕ್ಯಾವಿಕ್‌ನಲ್ಲಿ ಗೋರ್ಬಚೇವ್ ಎದುರು ಕೂತು, ಅಣ್ವಸ್ತ್ರಗಳನ್ನೇ ಇಲ್ಲವಾಗಿಸುವ ಮಾತಾಡಿದರು.

ಅಂದರೆ ನಾಯಕನ ಭಕ್ತಿ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಅವನು ದೇವರ ಹೆಸರಲ್ಲಿ ಆಡಿದ ಮಾತು ಆಚೆಯವನ ಕಿವಿಗೆ ಹೇಗೆ ಬೀಳುತ್ತೆ ಅನ್ನೋದೇ ಅಪಾಯ. ಭಾರತ-ಪಾಕ್ ನಡುವೆ ಕ್ಷಿಪಣಿ ಹಾರಲು ಕೆಲವೇ ನಿಮಿಷ ಸಾಕು. ಮಾತಿನ ಅರ್ಥ ಬಿಡಿಸುತ್ತಾ ಕೂರಲು ಆಗುತ್ತಾ?

ನಾವೇನು ಕಮ್ಮಿ? ‘ಪೃಥ್ವಿ’ ಅಂದರೆ ನಮಗೆ ಭೂಮಿ. ಆಚೆ ಅನೇಕರಿಗೆ ಪೃಥ್ವಿರಾಜ ಕೇಳಿಸಿದ. 1998ರ ಏಪ್ರಿಲ್‌ನಲ್ಲಿ ಅವರು ಹಾರಿಸಿದ ಕ್ಷಿಪಣಿಯ ಹೆಸರು ‘ಘೌರಿ’, ಪೃಥ್ವಿರಾಜನನ್ನು ಸೋಲಿಸಿದವನದು. ಇನ್ನು ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಮುಂದಾಳು ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ‘ಬುದ್ಧ ಪೂರ್ಣಿಮೆ ದಿನ ಬುದ್ಧ ನಕ್ಕ’ ಅಂತ ಕ್ಯಾಮೆರಾ ಮುಂದೆ ನಾನೂ ಹೇಳಿದ್ದೇನೆ. ಹಳೇ ಪಂಚಾಂಗ ತೆಗೆದು ನೋಡಿ, ಆ ವರ್ಷ ಬುದ್ಧ ಪೂರ್ಣಿಮೆ ಮೇ 6ಕ್ಕೇ ಮುಗಿದಿತ್ತು! ನಿಜಕ್ಕೂ ಬುದ್ಧ ಪೂರ್ಣಿಮೆಯಂದು ನಡೆದದ್ದು 1998ರ ಮೇ 11ರ ಪರೀಕ್ಷೆ. ಬಾಂಬಿಗೆ ದೇವರನ್ನು ಅಂಟಿಸುವ ಚಟ ನಮಗೂ ಇದೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ‘ಬೇಡ’ ಅನ್ನುವವರು ಆ ನಾಯಕನ ಪಕ್ಕದಲ್ಲಿ ಯಾರಿದ್ದಾರೆ? 2003ರ ಜನವರಿಯಲ್ಲಿ ಪ್ರಕಟವಾದ ನಮ್ಮ ಅಣು ನೀತಿ ಪ್ರಕಾರ, ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿ ಮಾತ್ರ ಬಳಕೆಗೆ ಒಪ್ಪಿಗೆ ಕೊಡಬಲ್ಲದು. ಮೊದಲು ನಾವು ಬಳಸುವುದಿಲ್ಲ ಅನ್ನೋದೂ ಅದರಲ್ಲಿದೆ. ಪಾಕಿಸ್ತಾನದಲ್ಲಿ 2025ರ ನವೆಂಬರ್‌ನ 27ನೇ ಸಂವಿಧಾನ ತಿದ್ದುಪಡಿ ಮುನೀರ್ ಅವರನ್ನು ಮೂರೂ ಪಡೆಗಳ ಮೇಲೆ ಕೂರಿಸಿತು, ಜೀವನಪೂರ್ತಿ ಕಾನೂನು ರಕ್ಷಣೆಯನ್ನೂ ಕೊಟ್ಟಿತು. ಅವರು ಹಾಫಿಜ್ ಅನ್ನೋದಕ್ಕಿಂತ ನನಗೆ ಇದೇ ಹೆಚ್ಚು ಭಯ ಹುಟ್ಟಿಸುವ ಸುದ್ದಿ.

ಇಷ್ಟನ್ನೂ ಓದಿಕೊಂಡು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಇನ್ನೊಂದು ವಿಷಯವನ್ನೂ ಹೇಳಿದೆ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ ಎರಡೂ ದೇಶಗಳು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡಿವೆ. ಆಗ ಅಲ್ಲಿ ಪ್ರಧಾನಿ ಆಗಿದ್ದವರು ಅದೇ ಭುಟ್ಟೋ ಮಗಳು ಬೆನಜೀರ್. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ವಿನಿಮಯ ಆಗುತ್ತೆ. ಕಾರ್ಗಿಲ್ ಯುದ್ಧ ಆದ ಮೇಲೂ ನಿಲ್ಲಲಿಲ್ಲ. ಪಟ್ಟಿಯಲ್ಲಿ ಏನಿದೆ ಅಂತ ಬಹಿರಂಗ ಮಾಡುವುದಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, “ಅವ್ನು ಯಾವ್ ದೇವ್ರಿಗಾದ್ರೂ ಕೈ ಮುಗೀಲಿ ಬಿಡು. ಆ ಪಟ್ಟಿ ಕೊಡೋದು ನಿಂತ್ ದಿನ ಮಾತ್ರ ಟೀವೀಲಿ ಜೋರಾಗ್ ಹೇಳು.”