ಕೈ ಬದಲಾದ ಕಾರು, ಉಳಿದುಹೋದ ಹೆಸರು: ಹಳೆ ವಾಹನ ವ್ಯಾಪಾರಿಗಳ ಅಧಿಕೃತ ಪ್ರಮಾಣಪತ್ರ

ಹುಬ್ಬಳ್ಳಿಯ ದೇಶಪಾಂಡೆ ನಗರದ ಗೃಹಸ್ಥರೊಬ್ಬರು ತಮ್ಮ ಕಾರನ್ನು ವ್ಯಾಪಾರಿಗೆ ಮಾರಿದರೆಂದು ಇಟ್ಟುಕೊಳ್ಳೋಣ. ರೊಕ್ಕ ಎಣಿಸಿಕೊಂಡು, 29 ಮತ್ತು 30ನೇ ನಮೂನೆಯ ಖಾಲಿ ಹಾಳೆಗಳಿಗೆ ಸಹಿ ಹಾಕಿ, ಕೀಲಿ ಕೊಟ್ಟರೆ ವ್ಯವಹಾರ ಮುಗಿಯಿತೆಂಬುದು ರೂಢಿ.

ಸಹಿ ಖಾಲಿ ಹಾಳೆಗೇ ಏಕೆ? ಮೋಟಾರು ವಾಹನ ಕಾಯ್ದೆ, 1988ರ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್.ಟಿ.ಒ.ಗೆ ತಿಳಿಸಬೇಕು. ಆದರೆ ವ್ಯಾಪಾರಿ ತನ್ನ ಹೆಸರಿಗೆ ಮಾಡಿಸಿಕೊಂಡರೆ 'ಸೆಕೆಂಡ್ ಓನರ್' ಗಾಡಿ 'ಥರ್ಡ್ ಓನರ್' ಆಗಿ ಬೆಲೆ ಇಳಿಯುತ್ತದೆ. ಹಾಗಾಗಿ ಮುಂದಿನ ಗಿರಾಕಿ ಸಿಗುವವರೆಗೆ ಆರ್.ಸಿ.ಯಲ್ಲಿ ಹಳಬರ ಹೆಸರೇ ಉಳಿಯುತ್ತದೆ. ಇದರಲ್ಲಿ ವ್ಯಾಪಾರಿಯ ಕಪಟಕ್ಕಿಂತ ಲೆಕ್ಕಾಚಾರವೇ ಹೆಚ್ಚು.

ಅದರ ಬೆಲೆ ತೆರುವವರು ಯಾರೆಂಬುದನ್ನು ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ (2018) ಹೇಳಿದೆ. ಹಲವು ಕೈ ದಾಟಿದ್ದ ಕಾರು 2009ರಲ್ಲಿ ಅಪಘಾತ ಮಾಡಿತ್ತು. ಅದನ್ನು ಎಂದೋ ಮಾರಿದ್ದರೂ, ನೋಂದಣಿಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಾಯಿತು.

ಮಾರಾಟಕ್ಕೂ ಹೆಸರು ಬದಲಾವಣೆಗೂ ನಡುವಿನ ಈ ಕಾಲಕ್ಕೆ ಉತ್ತರವಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ 55-ಎ ಮುಂತಾದ ನಿಯಮಗಳು ಸೇರಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ನಿಯಮ ಕೇಂದ್ರದ್ದು, ಅದರಂತೆ ಹಳೆ ವಾಹನ ವ್ಯಾಪಾರಿ ಪಡೆಯಬೇಕಾದ ಅಧಿಕೃತ ಪ್ರಮಾಣಪತ್ರ ಕೊಡುವುದು ರಾಜ್ಯದ ನೋಂದಣಿ ಪ್ರಾಧಿಕಾರ. ಅವಧಿ 5 ವರ್ಷ. ಕಾರು ಕೈಗೆ ಬಂದುದನ್ನು 29-ಸಿ ನಮೂನೆಯಲ್ಲಿ ತಿಳಿಸಿದ ದಿನದಿಂದ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತ. ಪರೀಕ್ಷಾರ್ಥ ಓಡಾಟ, ಪ್ರದರ್ಶನ, ದುರಸ್ತಿಯಂಥ ಕೆಲಸಗಳಿಗಲ್ಲದೆ ಅದನ್ನು ರಸ್ತೆಗಿಳಿಸುವಂತಿಲ್ಲ. ಓಡಾಟದ ದಾಖಲೆಯನ್ನೂ ಇಡಬೇಕು.

ಇಷ್ಟರಿಂದ ಮಾರಿದವರು ನಿಶ್ಚಿಂತರು. ಕೊಂಡವರು? ಈ ನಿಯಮಗಳ ಕಾಳಜಿ ಕಾಗದದ್ದು, ಕಾರಿನದ್ದಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಿದ ಗಾಡಿಯ ಬಗ್ಗೆ ದೂರಿಡಲು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಬಾಗಿಲನ್ನೇ ಬಡಿಯಬೇಕು. ಹೋಲಿಸಿದರೆ, ಅಮೆರಿಕದಲ್ಲಿ 1985ರಿಂದಲೇ ವ್ಯಾಪಾರಿ ವಾರಂಟಿ ಇದೆಯೋ ಇಲ್ಲವೋ ಎಂಬುದನ್ನು ಕಾರಿನಲ್ಲೇ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಇನ್ನು ಗಾಡಿಯನ್ನು ಸ್ವಾಧೀನಕ್ಕೇ ತೆಗೆದುಕೊಳ್ಳದೆ ಇಬ್ಬರನ್ನು ಕೂಡಿಸಿ ಕಮಿಷನ್ ಪಡೆಯುವ ದಲ್ಲಾಳಿಗೆ ಈ ಹೊಣೆಯನ್ನು ಹೊರಿಸುವುದೇ ಕಷ್ಟ, ಏಕೆಂದರೆ ಹೊಣೆ ಹುಟ್ಟುವುದೇ ಸ್ವಾಧೀನದಿಂದ.

ಕಾರು ಮಾರುವವರು ಖಾಲಿ ಹಾಳೆಗೆ ಸಹಿ ಹಾಕುವ ಮುನ್ನ ವ್ಯಾಪಾರಿಯ ಪ್ರಮಾಣಪತ್ರ ನೋಡಿ, 29-ಸಿ ಸಲ್ಲಿಸಿದ್ದಕ್ಕೆ ಸ್ವೀಕೃತಿಯ ಪ್ರತಿ ಕೇಳಿ ಪಡೆಯಬೇಕು.